ಕೊಡ, ಓಲೆ, ಪೋಷಕರ ಸಭೆ: ಶಾಲೆ ನೋಡಿಕೊಳ್ಳುವವರನ್ನು ಆರಿಸುವ ನಿಯಮಗಳು

ಶಾಲೆಗೆ ಭೂಮಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ಎಷ್ಟು ಮತ್ತರು, ಯಾವ ದಿಕ್ಕಿನ ಹೊಲ, ಎಲ್ಲೆಗೆ ಯಾವ ಹುಣಸೇಮರ, ಎಲ್ಲವನ್ನೂ ಅವು ಹೇಳುತ್ತವೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಬರಲಿ ಅಂತ ಶಾಪಾಶಯವನ್ನೂ ಹಾಕುತ್ತವೆ. ಆದರೆ ಆ ಶಾಲೆಯನ್ನು ದಿನದಿನ ನೋಡಿಕೊಳ್ಳುವವರು ಯಾರು, ಅವರನ್ನು ಆರಿಸುವುದು ಹೇಗೆ, ದುಡ್ಡು ತಿಂದರೆ ತೆಗೆಯುವುದು ಹೇಗೆ? ಇದನ್ನು ಕೇಳಿದರೆ ನಮ್ಮ ಕಲ್ಲುಗಳು ಬಹುಮಟ್ಟಿಗೆ ಸುಮ್ಮನಾಗುತ್ತವೆ. ಆ ಮೌನಕ್ಕೆ ಕಾರಣ ಏನು ಅನ್ನುವುದೇ ಈ ಬರಹದ ವಿಷಯ.

ಇದನ್ನು ಈಗ ಎತ್ತಿಕೊಳ್ಳುವುದಕ್ಕೆ ಒಂದು ನೆಪವಿದೆ. ನಮ್ಮ ಕುಮಾರಸ್ವಾಮಿ ಲೇಔಟ್‌ನಲ್ಲಾಗಲಿ, ಪಕ್ಕದ ಯಲಚೇನಹಳ್ಳಿ, ಉತ್ತರಹಳ್ಳಿ ಕಡೆಯಲ್ಲಾಗಲಿ, ಸರ್ಕಾರಿ ಶಾಲೆ ಅಂದಮೇಲೆ ಅಲ್ಲೊಂದು ಎಸ್‌ಡಿಎಂಸಿ ಇರಬೇಕು. ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅವಧಿ ಮುಗಿದಾಗ ಪೋಷಕರ ಸಭೆ ಕರೆದು ಹೊಸ ಸದಸ್ಯರನ್ನು ಆರಿಸುತ್ತಾರೆ. ಈ ಮಾತು ಬಂದಾಗಲೆಲ್ಲ ಶಾಸನಾಸಕ್ತರ ನಡುವೆ ಒಬ್ಬರಾದರೂ ಹೇಳುವುದು ಇದು: "ಇದರಲ್ಲಿ ಹೊಸದೇನು ಸ್ವಾಮಿ, ಉತ್ತರಮೇರೂರಲ್ಲಿ ಸಾವಿರ ವರ್ಷದ ಹಿಂದೆನೇ ಎಲ್ಲಾ ಇತ್ತಲ್ಲ!" ಅರ್ಧ ಸರಿ, ಅರ್ಧ ತಪ್ಪು. ಎರಡೂ ಅರ್ಧವನ್ನು ಬೇರೆ ಮಾಡಿ ನೋಡಬೇಕು.

ಮೊದಲು ನಮ್ಮ ಮನೆಯ ಕಲ್ಲುಗಳು. ಬೆಂಗಳೂರಿನ ಸುತ್ತ ಸಿಗುವ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ 1905ರಲ್ಲಿ ಅಚ್ಚು ಹಾಕಿಸಿದರು. ಅದನ್ನು ತಿರುವಿದರೆ ಹೆಚ್ಚಾಗಿ ಸಿಗುವುದು ಕೆರೆ, ದೇವರಿಗೆ ಬಿಟ್ಟ ಗದ್ದೆ, ಕಾಳಗದಲ್ಲಿ ಸತ್ತವರ ವೀರಗಲ್ಲು. ಬೆಂಗಳೂರು ಅನ್ನುವ ಹೆಸರನ್ನು ಮೊದಲಿಗೆ ಹೇಳುವ ಬೇಗೂರಿನ ಕಲ್ಲೂ ಒಂದು ಕಾಳಗದ ಕಲ್ಲೇ. ಶಾಲೆಯ ಕಥೆ ಬೇಕಾದರೆ ಉತ್ತರಕ್ಕೆ ಹೋಗಬೇಕು, ಭೀಮಾತೀರದ ಕಡೆಗೆ.

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ. ಶಾಸನದಲ್ಲಿ ಇದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನ ಇಲ್ಲಿಯದು. ಕೃಷ್ಣನ ಮಂತ್ರಿ ನಾರಾಯಣ ತ್ರಯೀಪುರುಷರ ಗುಡಿಯಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರು. ಅವರು ಇರುವುದಕ್ಕೆ 27 ಮನೆಗಳು. ಊಟದ ಖರ್ಚಿಗೆ 500 ನಿವರ್ತನ ಭೂಮಿ, ದೀಪದೆಣ್ಣೆಗೆ 12 ನಿವರ್ತನ, ಉಪಾಧ್ಯಾಯರಿಗೆ 50 ನಿವರ್ತನ ಮತ್ತು ಒಂದು ಮನೆ. ಊಟಕ್ಕೂ ದೀಪಕ್ಕೂ ಮೇಷ್ಟ್ರಿಗೂ ಹೊಲವನ್ನು ಬೇರೆ ಬೇರೆ ತೋರಿಸಿರುವುದನ್ನು ಗಮನಿಸಿ. ಒಂದರ ದುಡ್ಡು ಇನ್ನೊಂದಕ್ಕೆ ಹೋಗಬಾರದು ಅನ್ನುವ ಎಚ್ಚರ ಅಲ್ಲಿದೆ.

ಸಾಲೋಟಗಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಊರವರ ಪಾಲು. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಊಟ ಹಾಕಿಸುವ ಸಂದರ್ಭ ಬಂದರೆ ಶಾಲೆಯವರನ್ನೂ ಕರೆಯಬೇಕು. ಅಂದ್ರೆ ರಾಜನ ಮಂತ್ರಿ ಕಟ್ಟಡ ಕೊಟ್ಟರೂ ಊರವರ ಜೇಬಿನಿಂದಲೂ ವರ್ಷವರ್ಷ ಏನೋ ಒಂದು ಹೋಗುತ್ತಿರಬೇಕು ಅನ್ನುವ ಕಟ್ಟು. ಇಷ್ಟು ಲೆಕ್ಕಾಚಾರವಾಗಿ ಬರೆದ ಶಾಸನ, ಈ ಆದಾಯವನ್ನೆಲ್ಲ ಕೂಡಿಡುವ ಜನರನ್ನು ಹೇಗೆ ಆರಿಸಬೇಕು ಅನ್ನುವುದಕ್ಕೆ ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ.

ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರದ ನಾಗಾವಿಗೆ ಬನ್ನಿ. ಕ್ರಿ.ಶ. 1058ರ ಶಾಸನ, ಕಲ್ಯಾಣ ಚಾಲುಕ್ಯ ಒಂದನೇ ಸೋಮೇಶ್ವರನ ಆಳ್ವಿಕೆ, ದಂಡನಾಯಕ ಮಧುಸೂದನನ ದತ್ತಿ. ಇಲ್ಲಿಯ ಘಟಿಕೆಯಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಗಳನ್ನು ನೋಡಿಕೊಳ್ಳುವವರು. ಈಗಿನ ಎಷ್ಟೋ ಶಾಲೆಗಳಲ್ಲಿ ಒಬ್ಬ ಲೈಬ್ರೇರಿಯನ್ನೂ ಇಲ್ಲ. ಅದು ಬೇರೆ ಮಾತು. ಇಲ್ಲೂ ಸಂಖ್ಯೆ ಇದೆ, ಸಂಬಳ ಇದೆ, ನೇಮಿಸುವ ಕ್ರಮ ಮಾತ್ರ ಕಾಣುವುದಿಲ್ಲ.

ಮೂರನೆಯದು ಬಳ್ಳಿಗಾವೆಯ ಕೋಡಿಯಮಠ. 1162ರ ಶಾಸನ ಈ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುವ ಜಾಗ ಅಂತ ಬಾಯ್ತುಂಬ ಹೊಗಳುತ್ತದೆ. ಇಲ್ಲಿ ಮೇಲ್ವಿಚಾರಣೆ ಯಾರದು ಅನ್ನುವ ಪ್ರಶ್ನೆಗೆ ಉತ್ತರ ಸ್ಪಷ್ಟ: ಕಾಳಾಮುಖ ಆಚಾರ್ಯರ ಪರಂಪರೆಯದು. ಗುರುವಿನ ನಂತರ ಶಿಷ್ಯ. ಆರಿಸುವ ಮಾತೇ ಬರುವುದಿಲ್ಲ.

ಹಾಗಾದರೆ ಅಗ್ರಹಾರಗಳಲ್ಲಿ? ಅಲ್ಲಿ ದತ್ತಿಗಳನ್ನು ಕೈಗೆ ತೆಗೆದುಕೊಂಡು ನಡೆಸುತ್ತಿದ್ದವರು ಮಹಾಜನರು. ಲೊಕ್ಕಿಗುಂಡಿಯ ಮಹಾಜನ ಸಾಸಿರ್ವರು, ಬೇರೆ ಬೇರೆ ಊರಿನ ನಾನೂರ್ವರು, ಇನ್ನೂರ್ವರು, ಹೀಗೆ ಶಾಸನಗಳಲ್ಲಿ ಸಂಖ್ಯೆ ಸಮೇತ ಬರುತ್ತಾರೆ. ಈ ಸಂಖ್ಯೆಯನ್ನು ಕಂಡು ಇದೇನೋ ಆರಿಸಿ ಬಂದ ಸಭೆ ಅಂದುಕೊಳ್ಳುವುದು ಸುಲಭ. ಹಾಗಲ್ಲ. ಅಗ್ರಹಾರವನ್ನು ಇಷ್ಟು ವೃತ್ತಿ ಅಂತ ಪಾಲು ಹಾಕಿ ಕೊಡುತ್ತಿದ್ದರು. ವೃತ್ತಿ ಇದ್ದವನು ಮಹಾಜನ, ಇಲ್ಲದವನು ಅಲ್ಲ. ಇವತ್ತಿನ ಮಾತಲ್ಲಿ ಹೇಳಬೇಕಾದರೆ ಷೇರುದಾರರ ಸಭೆ. ಅಪ್ಪನ ವೃತ್ತಿ ಮಗನಿಗೆ ಬಂದಾಗ ಸಭೆಯ ಸ್ಥಾನವೂ ಬಂತು. ಆರಿಸುವ ನಿಯಮವನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲ ಯಾಕೆಂದರೆ ಆರಿಸುವ ಕೆಲಸವೇ ಇರಲಿಲ್ಲ. ದಾನಿಗೆ ಭಯ ಇದ್ದದ್ದು ಮುಂದೆ ಬರುವ ಅರಸ ಅಥವಾ ಅಧಿಕಾರಿ ಹೊಲವನ್ನು ಕಿತ್ತುಕೊಂಡಾನು ಅಂತ. ಆದ್ದರಿಂದ ಶಾಪವೆಲ್ಲ ಹೊರಗಿನವನ ಮೇಲೆ. ಒಳಗೇ ಕೂತು ಲೆಕ್ಕ ತಪ್ಪಿಸುವವನ ಬಗ್ಗೆ ಶಾಪಾಶಯದ ಶ್ಲೋಕಗಳು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ.

ಕನ್ನಡ ಶಾಸನಗಳಲ್ಲಿ ನಿಯಮಾವಳಿಯೇ ಇಲ್ಲ ಅಂತ ಅರ್ಥ ಅಲ್ಲ. ಲಕ್ಷ್ಮೇಶ್ವರದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಕೊಟ್ಟ ಆಚಾರವ್ಯವಸ್ಥೆ ಇದೆ, ಎಂಟನೇ ಶತಮಾನದ ಮೊದಲ ಭಾಗದ್ದು, ಕನ್ನಡ ಗದ್ಯ. ಪೊರಿಗೆರೆಯ ಮಹಾಜನ, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ಅರಸನ ಅಧಿಕಾರಿಗಳು ಏನು ಮಾಡಬೇಕು, ಇವರು ಏನು ಕೊಡಬೇಕು ಅಂತ ಎರಡೂ ಕಡೆಯ ಕಟ್ಟುಪಾಡು ಅದರಲ್ಲಿದೆ. ಊರಿಗೂ ಅರಸನಿಗೂ ನಡುವಿನ ಒಪ್ಪಂದ ಅದು. ಊರೊಳಗೆ ಯಾರು ಮುಂದಾಳಾಗಬೇಕು ಅನ್ನುವುದು ಅದರ ವಿಷಯವಲ್ಲ.

ಊರೊಳಗಿನ ಆಯ್ಕೆಯನ್ನೇ ವಿಷಯ ಮಾಡಿಕೊಂಡ ಶಾಸನ ಬೇಕಾದರೆ ಕಂಚಿಯ ಕಡೆಗೆ ಹೋಗಬೇಕು. ಕಂಚಿ ನಮಗೇನೂ ಹೊಸ ದಾರಿಯಲ್ಲ. ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದುವುದಕ್ಕೆ ಹೋದದ್ದು ಅಲ್ಲಿಯ ಘಟಿಕೆಗೇ. ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗದೇ ಹೋಗಿದ್ದರೆ ಕದಂಬರ ರಾಜ್ಯವೇ ಇರುತ್ತಿರಲಿಲ್ಲವೇನೋ. ಇನ್ನು ಬೆಂಗಳೂರು, ಕೋಲಾರದ ಕಲ್ಲುಗಳಲ್ಲಿ ಚೋಳರ ಕಾಲದಿಂದ ಮುಂದಕ್ಕೆ ತಮಿಳು ಶಾಸನಗಳೂ ಸಾಕಷ್ಟಿವೆ.

ಉತ್ತರಮೇರೂರು ಕಾಂಚೀಪುರಂ ಜಿಲ್ಲೆಯ ಊರು. ಅಲ್ಲಿಯ ವೈಕುಂಠ ಪೆರುಮಾಳ್ ಗುಡಿಯ ಗೋಡೆಯ ಮೇಲೆ ಚೋಳ ಒಂದನೇ ಪರಾಂತಕನ 12ನೇ ಮತ್ತು 14ನೇ ಆಳ್ವಿಕೆಯ ವರ್ಷದ, ಅಂದರೆ ಕ್ರಿ.ಶ. 919 ಮತ್ತು 921ರ ಎರಡು ಶಾಸನಗಳಿವೆ. ವಿ. ವೆಂಕಯ್ಯನವರು ಪುರಾತತ್ವ ಇಲಾಖೆಯ 1904-05ರ ವಾರ್ಷಿಕ ವರದಿಯಲ್ಲಿ ಇವನ್ನು ವಿವರವಾಗಿ ಪ್ರಕಟಿಸಿದರು. ಪದ್ಧತಿಯ ಹೆಸರು ಕುಡವೋಲೈ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ: ಕೊಡ, ಓಲೆ.

ಊರನ್ನು 30 ಕುಡುಂಬುಗಳಾಗಿ ಮಾಡಿದ್ದರು. ಈಗಿನ ವಾರ್ಡ್ ಅನ್ನಿ. ಒಂದೊಂದು ಕುಡುಂಬಿನವರೂ ಅರ್ಹರ ಹೆಸರನ್ನು ಓಲೆಯ ಮೇಲೆ ಬರೆದು, ಕಟ್ಟು ಕಟ್ಟಿ, ಮೇಲೆ ಕುಡುಂಬಿನ ಹೆಸರಿನ ಚೀಟಿ ಹಾಕಿ ಕೊಡದಲ್ಲಿ ಹಾಕಬೇಕು. ಸಣ್ಣವರು ದೊಡ್ಡವರೆನ್ನದೆ ಮಹಾಸಭೆ ಸೇರಬೇಕು. ಊರಲ್ಲಿರುವ ಅರ್ಚಕರೆಲ್ಲ ಬಂದು ಕೂರಬೇಕು. ಅವರಲ್ಲಿ ಹಿರಿಯನಾದವನು ಎದ್ದು ನಿಂತು ಎಲ್ಲರಿಗೂ ಕಾಣುವ ಹಾಗೆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗೇನಿದೆ ಅಂತ ಗೊತ್ತಿಲ್ಲದ ಒಬ್ಬ ಹುಡುಗ ಒಂದು ಕಟ್ಟನ್ನು ತೆಗೆಯುತ್ತಾನೆ. ಅದನ್ನು ಬಿಚ್ಚಿ ಇನ್ನೊಂದು ಖಾಲಿ ಕೊಡಕ್ಕೆ ಹಾಕಿ, ಅಲುಗಾಡಿಸಿ, ಅದರಿಂದ ಒಂದು ಓಲೆ ತೆಗೆಯುತ್ತಾನೆ. ಅದನ್ನು ಮಧ್ಯಸ್ಥ ಐದೂ ಬೆರಳು ಬಿಚ್ಚಿದ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಓದಿ ಹೇಳಬೇಕು. ಅಲ್ಲಿದ್ದ ಅರ್ಚಕರೆಲ್ಲರೂ ಅದೇ ಓಲೆಯನ್ನು ಓದಬೇಕು. ಆಮೇಲೆ ಹೆಸರು ಬರೆದುಕೊಳ್ಳಬೇಕು.

ಬೆರಳು ಬಿಚ್ಚಿದ ಅಂಗೈ ಅನ್ನುವ ವಿವರ ಸುಮ್ಮನೆ ಬಂದದ್ದಲ್ಲ. ಮಡಚಿದ ಬೆರಳಿನ ಸಂದಿಯಲ್ಲಿ ಬೇರೆ ಓಲೆ ಇಟ್ಟುಕೊಂಡು ಬಂದವನು ಹಿಂದೆ ಯಾರೋ ಇದ್ದಿರಬೇಕು ಅಂತ ನನ್ನ ಗುಮಾನಿ. ನಿಯಮದಲ್ಲಿ ವಿಚಿತ್ರವಾದ ಒಂದು ಸೂಕ್ಷ್ಮ ಕಂಡರೆ ಅದರ ಹಿಂದೆ ಒಂದು ಮೋಸ ನಡೆದಿದೆ ಅಂತ ಓದುವುದು ಶಾಸನ ಓದುವವರ ಹಳೇ ಅಭ್ಯಾಸ. 919ರಲ್ಲಿ ಮಾಡಿದ ನಿಯಮವನ್ನು ಎರಡೇ ವರ್ಷಕ್ಕೆ, 921ರಲ್ಲಿ, ತಿದ್ದಿ ಮತ್ತೆ ಕೆತ್ತಿಸಿದ್ದಾರೆ ಅನ್ನುವುದೂ ಅದನ್ನೇ ಸೂಚಿಸುತ್ತದೆ. ಎರಡು ಸಲವೂ ಅರಸನ ಅಧಿಕಾರಿ ಸಭೆಯಲ್ಲಿ ಕೂತಿದ್ದ ಅಂತಲೂ ಶಾಸನ ಹೇಳುತ್ತದೆ. ಕಲ್ಲು ಕೆತ್ತಿಸುವುದು ಸುಲಭದ ಕೆಲಸವಲ್ಲ. ಸುಮ್ಮನೆ ಯಾರೂ ಎರಡು ಸಲ ಮಾಡಿಸುವುದಿಲ್ಲ.

ಈಗ ಅರ್ಹತೆ. ತೆರಿಗೆ ಕಟ್ಟುವ ಕಾಲು ವೇಲಿಗಿಂತ ಹೆಚ್ಚು ಭೂಮಿ ಇರಬೇಕು. ಸುಮಾರು ಒಂದೂವರೆ ಎಕರೆ ಅಂದುಕೊಳ್ಳಿ. ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ ಇರಬೇಕು. ವಯಸ್ಸು 35 ದಾಟಿರಬೇಕು, 70 ಆಗಿರಬಾರದು. 919ರ ನಿಯಮದಲ್ಲಿ ಇದು 30 ಮತ್ತು 60 ಇತ್ತು. ಮಂತ್ರಬ್ರಾಹ್ಮಣ ಬಲ್ಲವನಾಗಿರಬೇಕು, ಇನ್ನೊಬ್ಬರಿಗೆ ಹೇಳಿಕೊಡುವಷ್ಟು. ಭೂಮಿ ಅರೆಕಾಲು ವೇಲಿಯೇ ಇದ್ದರೂ ಒಂದು ವೇದ ಮತ್ತು ಒಂದು ಭಾಷ್ಯವನ್ನು ವಿವರಿಸಬಲ್ಲವನಾದರೆ ಸೇರಿಸಬಹುದು. ವಿದ್ಯೆಗೆ ಅರ್ಧ ರಿಯಾಯಿತಿ!

ಇದನ್ನು ಓದಿದ ಮೇಲೂ ಉತ್ತರಮೇರೂರನ್ನು ಜಗತ್ತಿನ ಮೊದಲ ಪ್ರಜಾಪ್ರಭುತ್ವ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದು ಬ್ರಹ್ಮದೇಯ. ಗೇಣಿದಾರ, ಕುಶಲಕರ್ಮಿ, ಕೂಲಿ ಮಾಡುವವನು, ಯಾವುದೇ ಜಾತಿಯ ಹೆಂಗಸು, ಇವರ ಯಾರ ಹೆಸರೂ ಆ ಕೊಡದೊಳಗೆ ಬೀಳುವ ಹಾಗಿರಲಿಲ್ಲ. ಇನ್ನೊಂದು ಮಾತು: ಆರಿಸಿದ್ದು ಶಾಲಾ ಸಮಿತಿಯನ್ನಲ್ಲ. 30 ಜನರಲ್ಲಿ ಹಿಂದೆ ತೋಟದ ಮತ್ತು ಕೆರೆಯ ವಾರಿಯಂಗಳಲ್ಲಿ ಕೆಲಸ ಮಾಡಿದ, ವಿದ್ಯೆ ವಯಸ್ಸುಳ್ಳ 12 ಜನ ಸಂವತ್ಸರ ವಾರಿಯಂಗೆ, 12 ಜನ ತೋಟದ ವಾರಿಯಂಗೆ, ಉಳಿದ 6 ಜನ ಕೆರೆಯ ವಾರಿಯಂಗೆ. ವಾರಿಯಂ ಅಂದರೆ ಸಮಿತಿ. 360 ದಿನ ಮುಗಿದ ಕೂಡಲೇ ಇಳಿಯಬೇಕು. ಶಾಲೆಗಳು ಇಂಥ ಸಭೆಗಳ ಕೈಕೆಳಗೇ ಬರುತ್ತಿದ್ದವು ಅನ್ನುವುದಕ್ಕೆ ಎಣ್ಣಾಯಿರಂ ಸಾಕ್ಷಿ: ರಾಜೇಂದ್ರ ಚೋಳನ ಕಾಲದಲ್ಲಿ 340 ವಿದ್ಯಾರ್ಥಿಗಳು, 14 ಉಪಾಧ್ಯಾಯರು ಇದ್ದ ಆ ವಿದ್ಯಾಸಂಸ್ಥೆಯ ಏರ್ಪಾಡು ಊರ ಸಭೆಯ ನಿರ್ಣಯವಾಗಿ ದಾಖಲಾಗಿದೆ. ಆದರೆ ಶಾಲೆಗೇ ಅಂತ ಬೇರೆ ಚುನಾವಣಾ ನಿಯಮ ಉತ್ತರಮೇರೂರಲ್ಲಿಲ್ಲ.

ಹಾಗಾದರೆ ಉತ್ತರಮೇರೂರನ್ನು ಪಕ್ಕಕ್ಕಿಡಬೇಕಾ? ಬೇಡ. ಅದರಲ್ಲಿ ಬೆಲೆಯುಳ್ಳ ಭಾಗ ಕೊಡವೂ ಅಲ್ಲ, ಹುಡುಗನೂ ಅಲ್ಲ. ಪಠ್ಯಪುಸ್ತಕದವರು ಅಷ್ಟಾಗಿ ನೋಡದೆ ದಾಟಿಹೋಗುವ ಅನರ್ಹತೆಯ ಪಟ್ಟಿ. ಅದರ ತಲೆಯಲ್ಲೇ ಇರುವುದು ಇದು: ಯಾವುದಾದರೂ ವಾರಿಯಂನಲ್ಲಿದ್ದು ಲೆಕ್ಕ ಒಪ್ಪಿಸದೇ ಹೋದವನು ಮತ್ತೆ ನಿಲ್ಲುವ ಹಾಗಿಲ್ಲ. ಅಷ್ಟೇ ಅಲ್ಲ, ಅವನ ನೆಂಟರೂ ನಿಲ್ಲುವ ಹಾಗಿಲ್ಲ. ನೆಂಟರು ಅಂದರೆ ಯಾರು ಅನ್ನುವುದನ್ನು ವಾದಕ್ಕೆ ಬಿಡದೆ ಶಾಸನ ಎಣಿಸಿ ಹೇಳುತ್ತದೆ: ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವ, ಅವನ ಮಕ್ಕಳು, ದೊಡ್ಡಪ್ಪ ಚಿಕ್ಕಪ್ಪ, ಒಡಹುಟ್ಟಿದವರು, ಹೆಣ್ಣು ಕೊಟ್ಟ ಮಾವ, ಹೆಂಡತಿಯ ತಮ್ಮ, ಅಕ್ಕತಂಗಿಯ ಗಂಡ, ಅವಳ ಮಗ, ಅಳಿಯ, ಅಪ್ಪ, ಮಗ. ನಮ್ಮ ಊರುಗಳ ರಾಜಕೀಯ ಬಲ್ಲವರಿಗೆ ಈ ಪಟ್ಟಿ ಓದಿದಾಗ ನಗು ಬರುತ್ತದೆ. ಲೆಕ್ಕ ಕೊಡದವನು ತಾನು ನಿಲ್ಲಲಾಗದಿದ್ದರೆ ಭಾಮೈದನನ್ನು ನಿಲ್ಲಿಸುತ್ತಾನೆ ಅನ್ನುವುದು ಹತ್ತನೇ ಶತಮಾನದಲ್ಲೂ ಗೊತ್ತಿತ್ತು.

ಎರಡನೆಯದು, ಹಿಂದಿನ ಮೂರು ವರ್ಷದಲ್ಲಿ ಯಾವ ವಾರಿಯಂನಲ್ಲೂ ಇರದವನೇ ಆಗಬೇಕು. ಮೂರನೆಯದು ಲೆಕ್ಕ ಬರೆಯುವವನ ಬಗ್ಗೆ. ಪ್ರಾಮಾಣಿಕ ಸಂಪಾದನೆಯವನೇ ಲೆಕ್ಕ ಬರೆಯಬೇಕು. ತನ್ನ ಅವಧಿಯ ಲೆಕ್ಕವನ್ನು ದೊಡ್ಡ ಸಮಿತಿಯ ಹಿರಿಯರ ಮುಂದೆ ತಾನೇ ಒಪ್ಪಿಸಿ ಶುದ್ಧ ಅನ್ನಿಸಿಕೊಳ್ಳುವ ತನಕ ಅವನಿಗೆ ಮತ್ತೆ ಆ ಕೆಲಸವಿಲ್ಲ. ಅವನ ಲೆಕ್ಕವನ್ನು ಇನ್ನೊಬ್ಬ ಕರಣಿಕ ಬಂದು ಮುಗಿಸಿಕೊಡುವ ಹಾಗೂ ಇಲ್ಲ. ಇಷ್ಟನ್ನು ಬರೆದವರು ಚೀಟಿ ಎತ್ತುವ ದಿನಕ್ಕಿಂತ ಅವಧಿ ಮುಗಿಯುವ ದಿನದ ಬಗ್ಗೆ ಹೆಚ್ಚು ಯೋಚಿಸಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆಯ್ಕೆಯ ನಿಯಮ ಅಲ್ಲಿ ಲೆಕ್ಕದ ನಿಯಮದ ಒಂದು ಭಾಗ.

ಇಲ್ಲಿಂದ ಇಪ್ಪತ್ತನೇ ಶತಮಾನಕ್ಕೆ ಬರುವಾಗ ನಡುವೆ ಒಂದು ಮಜಲಿದೆ, ಬೇಗ ದಾಟೋಣ. ಶಾಲೆಗೆ ಚುನಾಯಿತ ಆಡಳಿತ ಅನ್ನುವುದು ಕನ್ನಡ ನಾಡಿಗೆ ಬಂದದ್ದು ಬ್ರಿಟಿಷರ ಕಾಲದ ಸ್ಥಳೀಯ ಸಂಸ್ಥೆಗಳ ಮೂಲಕ. ಮುಂಬಯಿ ಪ್ರಾಂತ್ಯದ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಜಿಲ್ಲಾ ಲೋಕಲ್ ಬೋರ್ಡು, ಮುನಿಸಿಪಾಲಿಟಿಗಳಿಗೆ ಒಪ್ಪಿಸಿ ಸ್ಕೂಲ್ ಬೋರ್ಡುಗಳನ್ನು ಮಾಡಿತು. ಬಿಜಾಪುರ ಆಗ ಮುಂಬಯಿಗೆ ಸೇರಿತ್ತು, ಹಾಗಾಗಿ ಸಾಲೋಟಗಿಯೂ ಸ್ಕೂಲ್ ಬೋರ್ಡಿನ ಕಾಲವನ್ನು ಕಂಡಿದೆ. ಮೈಸೂರು ಸಂಸ್ಥಾನದಲ್ಲಿ 1930ರ ಎಲಿಮೆಂಟರಿ ಎಜುಕೇಶನ್ ರೆಗ್ಯುಲೇಶನ್ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. 1941ರ ಕಾಯ್ದೆ ಅದನ್ನು ವಾಪಸ್ ಸರ್ಕಾರಕ್ಕೇ ತಂದಿತು. ಕೊಟ್ಟು ಹಿಂದೆ ತೆಗೆದುಕೊಳ್ಳುವ ಈ ಆಟ ಆಮೇಲೂ ನಿಂತಿಲ್ಲ.

ಈಗಿನ ಎಸ್‌ಡಿಎಂಸಿ ಹುಟ್ಟಿದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸು ಅದರ ಹಿಂದೆ ಇತ್ತು. ಅದಕ್ಕೆ ಮುಂಚೆ ಇದ್ದದ್ದು ಗ್ರಾಮ ಶಿಕ್ಷಣ ಸಮಿತಿ, ಊರಿಗೊಂದು. ಹೊಸದು ಶಾಲೆಗೊಂದು, ಅದರಲ್ಲೂ ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳದ್ದು. ಸಣ್ಣ ಬದಲಾವಣೆಯ ಹಾಗೆ ಕಾಣುತ್ತದೆ, ಆದರೆ ಅಲ್ಲ. ಊರಿನ ಹಿರಿಯ, ಜಮೀನುದಾರ, ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವನು, ಇವರೆಲ್ಲ ಒಂದೇ ಏಟಿಗೆ ಹೊರಗಾದರು. 2006ರಲ್ಲಿ ಹಳ್ಳಿಗಳಿಗೆ ಪಂಚಾಯತ್ ರಾಜ್ ಕಾಯ್ದೆಯ ಅಡಿ ಮಾದರಿ ಬೈಲಾ ಬಂತು.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 21ನೇ ಕಲಂ ಶಾಲಾ ಸಮಿತಿಯ ಮಾತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಅವಕಾಶವಂಚಿತ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರವರ ಪ್ರಮಾಣಕ್ಕೆ ತಕ್ಕ ಸ್ಥಾನ. ಶಾಲೆಯ ಕೆಲಸದ ಮೇಲ್ವಿಚಾರಣೆ, ಅಭಿವೃದ್ಧಿ ಯೋಜನೆ, ಬಂದ ಅನುದಾನ ಎಲ್ಲಿ ಹೋಯಿತು ಅನ್ನುವ ನಿಗಾ ಸಮಿತಿಯ ಕೆಲಸ. ಸರ್ಕಾರದ ಅನುದಾನ ಪಡೆಯದ ಖಾಸಗಿ ಶಾಲೆಗೆ ಈ ಕಲಂ ಅನ್ವಯಿಸುವುದಿಲ್ಲ. ನಮ್ಮ ಬಡಾವಣೆಯಲ್ಲಿ ವರ್ಷಕ್ಕೆ ಇಷ್ಟು ಅಂತ ದೊಡ್ಡ ಫೀಸು ಕಟ್ಟುವ ಪೋಷಕರಿಗೆ ಕಾನೂನಿನ ಪ್ರಕಾರ ಸಮಿತಿಯಲ್ಲಿ ಒಂದು ಕುರ್ಚಿಯೂ ಇಲ್ಲ. ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವ ಮನೆಗೆಲಸದವರಿಗೆ ಇದೆ. ಇದನ್ನು ಹೇಳಿದರೆ ತುಂಬಾ ಜನ ನಂಬುವುದೇ ಇಲ್ಲ.

ಎರಡು ನಿಯಮಾವಳಿಗಳನ್ನು ಪಕ್ಕಪಕ್ಕ ಇಟ್ಟಾಗ ಎದ್ದು ಕಾಣುವುದು ಇದು. ಉತ್ತರಮೇರೂರು ಯಾರು ಬರಬಹುದು ಅನ್ನುವ ಬಾಗಿಲನ್ನು ಬಹಳ ಕಿರಿದು ಮಾಡಿತು, ಬಂದವನು ಹೋಗುವಾಗ ಏನು ಮಾಡಬೇಕು ಅನ್ನುವುದನ್ನು ಬಿಗಿಯಾಗಿ ಕಟ್ಟಿತು. ಶಿಕ್ಷಣ ಹಕ್ಕು ಕಾಯ್ದೆ ಬಾಗಿಲನ್ನು ಅಗಲ ಮಾಡಿತು. ಭೂಮಿ ಬೇಡ, ಸ್ವಂತ ಮನೆ ಬೇಡ, ಓದು ಬೇಡ, ಗಂಡಸೇ ಆಗಬೇಕಾಗಿಲ್ಲ. ಮಗು ಈ ಶಾಲೆಯಲ್ಲಿದ್ದರೆ ಸಾಕು. ಇದಕ್ಕಿಂತ ಉದಾರವಾದ ಅರ್ಹತೆ ನಾನು ಓದಿದ ಯಾವ ಶಾಸನದಲ್ಲೂ ಇಲ್ಲ. ಹೋಗುವ ಬಾಗಿಲಿಗೆ ಬಂದರೆ ಆ 21ನೇ ಕಲಮಿನಲ್ಲಿ ಹೆಚ್ಚೇನೂ ಇಲ್ಲ. ಹಿಂದಿನ ಅವಧಿಯ ಲೆಕ್ಕವನ್ನು ಪೋಷಕರ ಸಭೆಯ ಮುಂದೆ ಒಪ್ಪಿಸದಿದ್ದರೆ ಮತ್ತೆ ನಿಲ್ಲುವ ಹಾಗಿಲ್ಲ, ನೆಂಟರೂ ನಿಲ್ಲುವ ಹಾಗಿಲ್ಲ ಅನ್ನುವಂಥ ಮಾತು ಅಲ್ಲಿಲ್ಲ. ಕೇಂದ್ರದ ಮಾದರಿ ನಿಯಮಗಳು ಸಮಿತಿ ತಿಂಗಳಿಗೊಮ್ಮೆ ಸೇರಬೇಕು, ನಡಾವಳಿ ಸಾರ್ವಜನಿಕರಿಗೆ ಸಿಗುವ ಹಾಗಿರಬೇಕು ಅನ್ನುತ್ತವೆ. ಒಳ್ಳೆಯದೇ. ಆದರೆ ನಡಾವಳಿ ಬರೆಯುವವರು ಯಾರು? ಸಮಿತಿಯ ಕಾರ್ಯದರ್ಶಿಯಾದ ಮುಖ್ಯೋಪಾಧ್ಯಾಯರೇ. ಖರ್ಚು ಮಾಡುವವರ ಕೈಯಲ್ಲೇ ಪುಸ್ತಕವೂ ಇರುವ ಈ ಏರ್ಪಾಡಿನಲ್ಲಿ ಪ್ರಾಮಾಣಿಕ ಮೇಷ್ಟ್ರಿಗೂ ಕಷ್ಟ, ಅಧ್ಯಕ್ಷರಾದ ಪೋಷಕರಿಗೂ ಕಷ್ಟ. ಉತ್ತರಮೇರೂರಿನವರು ಓಲೆ ಓದುವುದಕ್ಕೂ ಲೆಕ್ಕ ಬರೆಯುವುದಕ್ಕೂ ವಾರಿಯಂನ ಹೊರಗಿನ ಮಧ್ಯಸ್ಥ, ಕರಣಿಕರನ್ನು ಇಟ್ಟುಕೊಂಡಿದ್ದರು.

ಕಾಗದದ ಮೇಲಿನ ಉದಾರತೆ ನೆಲದ ಮೇಲೆ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಕಡೆಯನ್ನೇ ನೋಡಿ. ದಕ್ಷಿಣ ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಅಂತ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಇಂಡಿ ತಾಲ್ಲೂಕಿನಿಂದ ಬಂದ ಗಾರೆ ಕೆಲಸದ ಹೆಂಗಸು ಇಲ್ಲಿಯ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆಯಾಗಬಹುದು, ಕಾನೂನು ಅಡ್ಡ ಬರುವುದಿಲ್ಲ. ಸಾಲೋಟಗಿಯ ಶಾಲೆಗೆ ಬೇರೆ ಜನಪದಗಳಿಂದ ಬಂದವರಿಗೆ ಊಟ, ಮನೆ, ದೀಪ ಎಲ್ಲ ಸಿಕ್ಕಿತು, ಮಾತಾಡುವ ಹಕ್ಕಿನ ಸುದ್ದಿ ಶಾಸನದಲ್ಲಿಲ್ಲ. ಈಗ ಸಾಲೋಟಗಿಯ ಸೀಮೆಯಿಂದ ಬೇರೆ ಜನಪದಕ್ಕೆ ಬಂದವಳಿಗೆ ಹಕ್ಕಿದೆ, ಆದರೆ ಸಭೆಯನ್ನು ಬೆಳಗ್ಗೆ ಹನ್ನೊಂದು ಗಂಟೆಗೆ ಕರೆದರೆ ಅವಳ ಒಂದು ದಿನದ ಕೂಲಿ ಹೋಯಿತು. ಕಾಲು ವೇಲಿ ಭೂಮಿಯ ಷರತ್ತನ್ನು ಕಾನೂನು ತೆಗೆದುಹಾಕಿದೆ; ಸಭೆಯ ಹೊತ್ತು ಅದನ್ನು ಹಿಂಬಾಗಿಲಿಂದ ವಾಪಸ್ ತರುತ್ತದೆ. ನಿಯಮ ಬರೆಯುವವರು ಸದಸ್ಯರ ಪ್ರಮಾಣವನ್ನು ಮುಕ್ಕಾಲು, ಅರ್ಧ ಅಂತ ಅಳೆದು ಬರೆದ ಹಾಗೆ, ಸಭೆ ಭಾನುವಾರವೋ ಸಂಜೆಯೋ ಅನ್ನುವುದನ್ನೂ ಬರೆದರೆ ಬಹಳ ವ್ಯತ್ಯಾಸ ಆಗುತ್ತದೆ. ಮಹಾಸಭೆ ಎಲ್ಲಿ ಸೇರಬೇಕು, ಯಾರು ಎದುರಿಗಿರಬೇಕು, ಕೊಡ ಯಾರು ಎತ್ತಬೇಕು ಅಂತ ಹೇಳುವಷ್ಟು ತಾಳ್ಮೆ ಉತ್ತರಮೇರೂರಿನವರಿಗಿತ್ತು.

ಬೆಂಗಳೂರಿನದ್ದೇ ಇನ್ನೊಂದು ತೊಡಕು. 21ನೇ ಕಲಂ ಪೋಷಕರು, ಶಿಕ್ಷಕರ ಜೊತೆಗೆ ಸ್ಥಳೀಯ ಪ್ರಾಧಿಕಾರದ ಚುನಾಯಿತ ಪ್ರತಿನಿಧಿಯನ್ನೂ ಸಮಿತಿಯಲ್ಲಿ ಹೆಸರಿಸುತ್ತದೆ. ಹಳ್ಳಿಯಲ್ಲಾದರೆ ಪಂಚಾಯಿತಿ ಸದಸ್ಯ. ನಮ್ಮಲ್ಲಿ ಕಾರ್ಪೊರೇಟರ್. ಬಿಬಿಎಂಪಿಯ 198 ವಾರ್ಡುಗಳಲ್ಲಿ ಕುಮಾರಸ್ವಾಮಿ ಲೇಔಟ್ 181ನೆಯದಾಗಿತ್ತು. 2015ರಲ್ಲಿ ಆರಿಸಿ ಬಂದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು; ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳೇ ನಡೆಸಿದರು. ವಾರ್ಡಿನ ಗಡಿ, ಸಂಖ್ಯೆ, ಕೊನೆಗೆ ಪಾಲಿಕೆಯ ಹೆಸರೂ ಬದಲಾಯಿತು. ಅಷ್ಟು ಕಾಲ ಕಾನೂನು ಹೇಳಿದ ಆ ಒಂದು ಕುರ್ಚಿಯಲ್ಲಿ ಕೂರುವುದಕ್ಕೆ ಇಡೀ ನಗರದಲ್ಲಿ ಒಬ್ಬರೂ ಇರಲಿಲ್ಲ. 360 ದಿನ ಆದಮೇಲೆ ಹಳಬರು ಇಳಿಯಬೇಕು ಅಂತ ಬರೆದವರು, ಹೊಸಬರನ್ನು ಆರಿಸುವ ದಿನವೇ ಬಾರದಿದ್ದರೆ ಏನು ಮಾಡಬೇಕು ಅಂತ ಬರೆದಿಲ್ಲ. ಅಂಥದ್ದೊಂದು ಆಗಬಹುದು ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ.

ಉತ್ತರಮೇರೂರಿಗೆ ಹೋಗುವವರು ಕಂಚಿಯಿಂದ ಬಸ್ಸಿನಲ್ಲಿ ಹೋಗಬಹುದು. ವೈಕುಂಠ ಪೆರುಮಾಳ್ ಗುಡಿಯ ಗೋಡೆಯಲ್ಲಿ ಅಕ್ಷರಗಳು ಈಗಲೂ ಚೆನ್ನಾಗಿ ಕಾಣುತ್ತವೆ. ನಡುನಡುವೆ ಗ್ರಂಥಾಕ್ಷರ ಬರುವುದರಿಂದ ಕನ್ನಡ ಲಿಪಿಯ ಅಭ್ಯಾಸ ಇರುವವರಿಗೆ ಕೆಲವು ಪದಗಳ ಗುರುತು ಸಿಕ್ಕೀತು. ಲಕ್ಷ್ಮೇಶ್ವರದ ಆಚಾರವ್ಯವಸ್ಥೆಯಲ್ಲಿ ಮನೆತನಗಳು ಕೊಡಬೇಕಾದ ತೆರಿಗೆಯ ಭಾಗವನ್ನು ಇಲ್ಲಿ ಮುಟ್ಟಿಲ್ಲ, ಅದನ್ನು ಸಾಲುಸಾಲಾಗಿ ಮುಂದಿನ ಬರಹದಲ್ಲಿ ಓದೋಣ.